ಲಿಂಗವಸ್ತ್ರದ ಗಂಟು

ನಮ್ಮ ಸೇವಾ ಬಳಗದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಏಳು ನಿಯಮಗಳಿವೆ. ಬರೆದವಳು ನಾನೇ. ನಾಲ್ಕನೆಯದು ಹೀಗಿದೆ: "ಲಿಂಗಧಾರಿಗಳ ಮೈಮೇಲಿನಿಂದ ಲಿಂಗ ತೆಗೆಯಬಾರದು. ಆಸ್ಪತ್ರೆಯಲ್ಲಿ ಕೊರಳಿನಿಂದ ತೆಗೆಯಲೇಬೇಕಾಗಿ ಬಂದರೆ ತೋಳಿಗೆ ಅಥವಾ ತಲೆಗೆ ಕಟ್ಟುವುದು. ಅದೂ ಆಗದಿದ್ದರೆ ಮನೆಯವರ ಅಂಗೈಗೆ ಕೊಡುವುದು. ಎಲ್ಲಿಯೂ ಇಡಬಾರದು." ಹೊಸದಾಗಿ ಸೇರುವ ಹೆಂಗಸರಿಗೆ ಇದನ್ನು ಬಾಯಿಪಾಠ ಮಾಡಿಸುತ್ತೇನೆ. ತಪ್ಪಿದರೆ ಗದರುತ್ತೇನೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆ ಯಾರಿಗಾದರೂ ಸರಿಯಾಗಿ ಒಪ್ಪುವುದಿದ್ದರೆ ಅದು ನನಗೇ.

ನಮ್ಮದು ಸಂಬಳದ ಕೆಲಸವಲ್ಲ. ಮಠದ ಹೆಸರಿನಲ್ಲಿ ಎಂಟು ಜನ ಹೆಂಗಸರು ಸೇರಿಕೊಂಡು ಕೊಪ್ಪ, ನರಸಿಂಹರಾಜಪುರದ ಸುತ್ತ ಕೈಲಾಗದ ಹಿರಿಯರ ಮನೆಗಳಿಗೆ ಹೋಗುತ್ತೇವೆ. ಮೈ ತೊಳೆಸುವುದು, ಉಗುರು ಕತ್ತರಿಸುವುದು, ಬಿ.ಪಿ. ನೋಡುವುದು, ವಾರದ ಮಾತ್ರೆಗಳನ್ನು ಡಬ್ಬಿಗೆ ತುಂಬುವುದು, ಆಮೇಲೆ ಲಿಂಗಪೂಜೆಗೆ ಅಣಿ ಮಾಡಿಕೊಡುವುದು. ಇದರಲ್ಲಿ ಪೂಜೆಯೇ ದೊಡ್ಡ ಕೆಲಸ. ಗುರು ಕೊಟ್ಟ ಆ ಪುಟ್ಟ ಕಪ್ಪು ಲಿಂಗ ಬದುಕಿರುವ ತನಕ ಮೈಮೇಲೇ ಇರಬೇಕು, ಸತ್ತ ಮೇಲೆ ಅಂಗೈಯಲ್ಲಿ ಕೂತು ಜೊತೆಗೇ ಮಣ್ಣಿಗೆ ಹೋಗಬೇಕು. ಅದನ್ನು ಎಡ ಅಂಗೈಯಲ್ಲಿ ಇಟ್ಟು ಪೂಜೆ ಮಾಡದೆ ನಮ್ಮ ಹಿರಿಯರು ಬಾಯಿಗೆ ಒಂದು ಹನಿ ನೀರೂ ಹಾಕುವುದಿಲ್ಲ. ಕೈ ನಡುಗುವವರ ಅಂಗೈಯನ್ನು ಕೆಳಗಿನಿಂದ ಹಿಡಿದುಕೊಳ್ಳಬೇಕು, ಕಣ್ಣು ಮಂಜಾದವರ ಬೆರಳಿಗೆ ಬಿಲ್ವಪತ್ರೆ ಕೊಡಬೇಕು. ಪೂಜೆ ಹೊತ್ತಿಗೆ ಸರಿಯಾಗಿ ಮುಗಿದರೆ ಮಾತ್ರೆಯೂ ಹೊತ್ತಿಗೆ ಸರಿಯಾಗಿ ಒಳಗೆ ಹೋಗುತ್ತದೆ.

ಶೆಟ್ಟಿಕೊಪ್ಪದ ಬಸ್ ಸ್ಟಾಪಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬ ಅಜ್ಜಿ ಮತ್ತು ಆಕೆಯ ತಮ್ಮ ಇದ್ದರು. ಅಜ್ಜಿಗೆ ಎಪ್ಪತ್ತೊಂಬತ್ತು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆ ಬಂದವರು, ಅಲ್ಲೇ ಉಳಿದರು. ತಮ್ಮ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು, ಮದುವೆ ಮಾಡಿಕೊಳ್ಳದವರು. ಬಸ್ಸು ಬಿಟ್ಟು ಹದಿನೈದು ವರ್ಷವಾದರೂ ಊರಿಗೆಲ್ಲ ಕಂಡಕ್ಟರ್ರೇ. ಅಕ್ಕ ತಮ್ಮ ಬೆಳಿಗ್ಗೆಯಿಂದ ಸಂಜೆ ತನಕ ಕಿತ್ತಾಡುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾಯಿತು, ರೇಡಿಯೋ ಜೋರಾಯಿತು, ಬಾಗಿಲು ತೆಗೆದೇ ಬಿಟ್ಟೆ. ನಾನು ಹೋದರೆ ಇಬ್ಬರೂ ನನ್ನನ್ನು ಪಂಚಾಯಿತಿಗೆ ಕೂರಿಸುತ್ತಿದ್ದರು, ನಾನು ಯಾವತ್ತೂ ಅಜ್ಜಿಯ ಪರ.

ಆ ಸೋಮವಾರ ಹೋದಾಗ ಅಜ್ಜಿ ಬಚ್ಚಲ ಕಟ್ಟೆಯ ಪಕ್ಕ ಬಿದ್ದಿದ್ದರು. ಬೆಳಗಿನ ಪೂಜೆ ಮುಗಿಸಿ, ಕಾಫಿ ಕುಡಿದು, ಲೋಟ ತೊಳೆಯಲು ಹೋಗಿ ಜಾರಿದ್ದರು. ಕಂಡಕ್ಟರ್ರು ಪಕ್ಕದಲ್ಲಿ ಕೂತು, ಎಬ್ಬಿಸಬೇಕೋ ಬೇಡವೋ ತಿಳಿಯದೆ ಅಕ್ಕನ ತಲೆಯ ಕೆಳಗೆ ತಮ್ಮ ಟವೆಲನ್ನು ಮಡಿಸಿ ಮಡಿಸಿ ಇಡುತ್ತಿದ್ದರು.

"ಎಂತ ಆತು ಅಜ್ಜೀ?"

"ಎಂತಿಲ್ಲ ಮಗಾ. ಎಪ್ಪತ್ತೊಂಬತ್ತು ವರ್ಷ ನಿಂತ್ಕಂಡಿದ್ದು ಸಾಕಾಗಿತ್ತು, ಸ್ವಲ್ಪ ಮಲ್ಗಣ ಅಂತ."

ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿ ಕಾಣುತ್ತಿತ್ತು, ಪಾದ ಹೊರಕ್ಕೆ ತಿರುಗಿತ್ತು. ಇದನ್ನು ನೋಡಿದ ಮೇಲೆ ಸೊಂಟದ ಕೀಲು ಮುರಿದಿದೆ ಎಂದು ಹೇಳಲು ಡಾಕ್ಟರೇ ಬೇಕಿಲ್ಲ. ಎರಡು ಕಾಲಿನ ನಡುವೆ ದಿಂಬು ಇಟ್ಟು ಸೀರೆಯಿಂದ ಕಟ್ಟಿದೆ. ಮೈಕೆಳಗೆ ದಪ್ಪ ಜಮಖಾನ ತೂರಿಸಿ, ಅಕ್ಕಪಕ್ಕದವರ ಕೈಯಲ್ಲಿ ನಾಲ್ಕು ಮೂಲೆ ಹಿಡಿಸಿ, ಪಕ್ಕದ ಮನೆಯವರ ವ್ಯಾನಿಗೆ ಎತ್ತಿದೆವು. ಕೊಪ್ಪದ ಆಸ್ಪತ್ರೆ ಮುಟ್ಟುವಾಗ ಹತ್ತೂವರೆ. ಅಲ್ಲಿಯವರೆಗೆ ನಾನು ಒಂದು ತಪ್ಪೂ ಮಾಡಿರಲಿಲ್ಲ. ಇದನ್ನು ಹೇಳಿಕೊಳ್ಳುವುದರಲ್ಲಿ ಈಗ ಏನೂ ಅರ್ಥವಿಲ್ಲ, ಆದರೂ ಹೇಳಿಕೊಳ್ಳುತ್ತೇನೆ.

ಆಪರೇಶನ್ ಶಿವಮೊಗ್ಗದಲ್ಲೇ ಆಗಬೇಕೆಂದರು. ಆದರೆ ಎಕ್ಸ್‌ರೇ, ಇಸಿಜಿ ಇಲ್ಲಿಯೇ ಮುಗಿಸಿಕೊಂಡು ಹೋದರೆ ಒಂದು ದಿನ ಉಳಿಯುತ್ತದೆ. ಸೊಂಟದ ಎಕ್ಸ್‌ರೇ ಆಯಿತು. ಮುಂದೆ ಎದೆಯದ್ದು. ಅಜ್ಜಿಗೆ ಲಿಂಗ ಇಡುವ ಬೆಳ್ಳಿಯ ಕರಡಿಗೆ ಇರಲಿಲ್ಲ. ಬಿಳಿ ವಸ್ತ್ರದಲ್ಲಿ ಲಿಂಗವನ್ನು ಗಂಟು ಕಟ್ಟಿ, ದಾರದಲ್ಲಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಅದು ಸರಿಯಾಗಿ ಎದೆಯ ನಡುವೆ ಕೂತಿತ್ತು.

"ಅದೇನು ಗಂಟು? ತೆಗೀರಿ, ಫಿಲ್ಮಲ್ಲಿ ಬರುತ್ತೆ" ಎಂದರು ಎಕ್ಸ್‌ರೇಯವರು. ಹೊರಗೆ ಸಾಲು ನಿಂತಿತ್ತು.

"ತೋಳಿಗೆ ಕಟ್ಟು ಮಗಾ" ಎಂದರು ಅಜ್ಜಿ.

ಒಂದು ತೋಳಿನಲ್ಲಿ ಡ್ರಿಪ್ಪು, ಇನ್ನೊಂದರಲ್ಲಿ ಬಿ.ಪಿ. ಪಟ್ಟಿ. ತಲೆಗೆ ಕಟ್ಟೋಣವೆಂದರೆ ಕೂದಲು ತೆಳ್ಳಗೆ, ಮಲಗಿದ್ದಾರೆ, ಜಾರುತ್ತದೆ. ಮನೆಯವರ ಅಂಗೈಗೆ ಕೊಡಬೇಕಿತ್ತು, ಕಂಡಕ್ಟರ್ರು ಚೀಟಿ ಬರೆಸಲು ಕೆಳಗೆ ಹೋಗಿದ್ದರು. ಅವರು ಬರುವ ತನಕ ಕಾಯಬಹುದಿತ್ತು. ಪಟ್ಟಿ ಬಿಚ್ಚಿ ತೋಳಿಗೆ ಕಟ್ಟಬಹುದಿತ್ತು. ಅವಸರವೇ ಅಪಘಾತಕ್ಕೆ ಕಾರಣ ಎಂದು ಕಂಡಕ್ಟರ್ರ ಬಸ್ಸಿನ ಹಿಂದೆಯೇ ಬರೆದಿತ್ತಂತೆ. ನಾನು "ಐದೇ ನಿಮಿಷ ಅಜ್ಜೀ" ಎಂದು ಕೊರಳಿನಿಂದ ತೆಗೆದುಬಿಟ್ಟೆ. ಅಜ್ಜಿ ನನ್ನ ಕೈಯನ್ನೇ ನೋಡುತ್ತಿದ್ದರು.

ತೆಗೆದ ಮೇಲೆ ಎಲ್ಲಿಡುವುದು? ನನ್ನ ಚೀಲದಲ್ಲಿ ಬಳಸಿದ ಗ್ಲೌಸು, ಅಜ್ಜಿಯ ಒದ್ದೆ ಬಟ್ಟೆ. ಕಿಟಕಿಯ ಮೇಲೆ ಯಾರದೋ ಎಂಜಲು ಲೋಟ. ಲಿಂಗವನ್ನು ಅಂಥಲ್ಲಿ ಇಡಲು ಮನಸ್ಸು ಬರಲಿಲ್ಲ. ಎಕ್ಸ್‌ರೇ ಕೋಣೆಯ ಎದುರಿಗೆ, ನರ್ಸುಗಳು ಕೂರುವ ಜಾಗದಲ್ಲಿ ಗೋಡೆಗೆ ಒಂದು ದೇವರ ಹಲಗೆ ಇತ್ತು. ಗಣಪತಿ ಪಟ, ಸಣ್ಣ ದೀಪ, ದಾಸವಾಳ, ವಿಭೂತಿ. ಇಡೀ ಆಸ್ಪತ್ರೆಯಲ್ಲಿ ಅಷ್ಟು ಚೊಕ್ಕವಾದ ಜಾಗ ಇನ್ನೊಂದಿರಲಿಲ್ಲ. ಅಲ್ಲಿಟ್ಟು ಕೈಮುಗಿದೆ. ಭಕ್ತಿಯಿಂದ ಮಾಡಿದ ತಪ್ಪು ಅದು.

ಎಕ್ಸ್‌ರೇ ಆಗುತ್ತಿದ್ದಂತೆ ಅಜ್ಜಿ ವಾಂತಿ ಮಾಡಿಕೊಂಡರು, ಕಣ್ಣು ಮೇಲಾಯಿತು. ಬಿ.ಪಿ. ಇಳಿಯುತ್ತಿದೆ ಎಂದು ಡಾಕ್ಟರು ಓಡಿ ಬಂದರು, ಆಂಬುಲೆನ್ಸ್ ಕರೆಸಿದರು. ಸ್ಟ್ರೆಚರ್ ತಳ್ಳುವುದು, ರಿಪೋರ್ಟು ಹಿಡಿಯುವುದು, ಕಂಡಕ್ಟರ್ರನ್ನು ಹುಡುಕಿ ಮುಂದಿನ ಸೀಟಿಗೆ ಹತ್ತಿಸುವುದು. ನರಸಿಂಹರಾಜಪುರ ದಾಟುವಾಗ ನಾನು ಅಜ್ಜಿಯ ತಲೆ ತೊಡೆಯ ಮೇಲಿಟ್ಟುಕೊಂಡು ಉಸಿರು ಎಣಿಸುತ್ತಿದ್ದೆ. ಬರಿದಾದ ಕೊರಳು ನನ್ನ ಕಣ್ಣೆದುರಿಗೇ ಇತ್ತು. ಲಿಂಗದ ನೆನಪು ನನಗೆ ಬರಲೇ ಇಲ್ಲ.

ಮರುದಿನ ಬೆಳಿಗ್ಗೆ ಶಿವಮೊಗ್ಗದ ವಾರ್ಡಿನಲ್ಲಿ ಅಜ್ಜಿಗೆ ಪೂರಾ ಎಚ್ಚರವಾಯಿತು. ಮೊದಲು ಮಾಡಿದ ಕೆಲಸ, ಕೈಯನ್ನು ಎದೆಗೆ ಒಯ್ದದ್ದು. ಬೆರಳುಗಳು ಅಲ್ಲಿಯೇ ತಡಕಾಡಿದವು.

"ಮಗಾ, ನನ್ನ ಲಿಂಗ?"

ಆಗ ನೆನಪಾಯಿತು. "ಕೊಪ್ಪದ ಆಸ್ಪತ್ರೇಲಿ ಜೋಪಾನವಾಗಿದೆ ಅಜ್ಜೀ, ತರ್ತೀನಿ" ಎಂದೆ. ಮೊದಲನೆಯ ಸುಳ್ಳು ಅದೇ. ಆಗ ಅದು ಸುಳ್ಳೆಂದು ನನಗೂ ಗೊತ್ತಿರಲಿಲ್ಲ.

"ಹಂಗಾದ್ರೆ ಬರ್ಲಿ. ಅಲ್ಲಿ ತಂಕ ಬಾಯಿಗೆ ಏನೂ ಬೇಡ. ಸೂಜಿಯಿಂದ ಹೋಗೋದು ಹೋಗ್ಲಿ, ಅದು ನನ್ನ ಕೈಲಿಲ್ಲ."

ಕೊಪ್ಪಕ್ಕೆ ಫೋನು ಮಾಡಿದೆ. ಎತ್ತಿದ ನರ್ಸು ಹಲಗೆಯ ಮೇಲೆ ನೋಡಿ ಬಂದು, ಅಲ್ಲಿ ಏನೂ ಇಲ್ಲ, ರಾತ್ರಿ ಪಾಳಿಯ ಆಯಾ ಬೆಳಿಗ್ಗೆ ದೇವರ ಜಾಗ ಗುಡಿಸಿ ಹೊಸ ಹೂವಿಟ್ಟು ಹೋಗಿದ್ದಾಳೆ ಎಂದರು. ಆಯಾಳ ಫೋನು ಸಿಗುವುದಿಲ್ಲ, ಅವಳ ಊರಿನಲ್ಲಿ ನೆಟ್‌ವರ್ಕ್ ಇಲ್ಲ. ಕಂಡಕ್ಟರ್ರಿಗೆ ಮಾತ್ರ ನಿಜ ಹೇಳಿ, ಅವರನ್ನು ಅಜ್ಜಿಯ ಬಳಿ ಕೂರಿಸಿ ಬಸ್ಸು ಹತ್ತಿದೆ. ಕೊಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು. ಶೃಂಗೇರಿಗೆ ಎರಡು ಸ್ಟಾಪು ಮೊದಲೇ, ತುಂಗೆಯ ದಡದಲ್ಲಿ ಆಯಾಳ ಮನೆ. ಬಾಗಿಲು ಬಡಿದಾಗ ನಿದ್ದೆಯಿಂದ ಎದ್ದು ಬಂದಳು.

"ಎಂತ ಅಕ್ಕಾ, ಇಷ್ಟು ದೂರ?"

ಹೇಳಿದೆ. ಬಿಳಿ ವಸ್ತ್ರದ ಗಂಟು ಎನ್ನುತ್ತಿದ್ದಂತೆ ಅವಳ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಅದು ಮುಡಿಪು ಅಂದ್ಕಂಡೆ ಅಕ್ಕಾ. ರೋಗಿಗಳ ಕಡೇರು ಹರಕೆ ಹೊತ್ಕಂಡು ಹಿಂಗೇ ಗಂಟು ಕಟ್ಟಿ ಇಟ್ಟು ಹೋಗ್ತಾರೆ. ದೇವ್ರ ಹೂವು, ವಿಭೂತಿ ಹತ್ತಿದ ಬಟ್ಟೆ, ಆಸ್ಪತ್ರೆ ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ. ನಾನು ಯಾವತ್ತೂ ಮನೆಗೆ ತಂದು ಹೊಳೆಗೇ ಬಿಡೋದು."

ಬೈಯಲು ಬಂದಿದ್ದವಳು ನಾನು. ಏನೆಂದು ಬೈಯಲಿ? ನಾನು ಚೊಕ್ಕ ಜಾಗವೆಂದು ಅಲ್ಲಿಟ್ಟೆ, ಅವಳು ಚೊಕ್ಕ ಜಾಗವೆಂದು ಹೊಳೆಗೆ ಬಿಟ್ಟಳು. ಕದ್ದವರು, ಎಸೆದವರು ಯಾರೂ ಇಲ್ಲ.

ಇಬ್ಬರೂ ಸೀರೆ ಎತ್ತಿ ಕಟ್ಟಿ ನೀರಿಗಿಳಿದೆವು. ಬೇಸಿಗೆ, ನೀರು ಮೊಣಕಾಲಿಗಿಂತ ಸ್ವಲ್ಪ ಮೇಲೆ. ಅವಳು ಹೂವು ಬಿಟ್ಟ ಜಾಗದಿಂದ ಕೆಳಕ್ಕೆ ಹುಡುಕುತ್ತ ಹೋದೆವು. ಸುಮಾರು ಐವತ್ತು ಮಾರು ಕೆಳಗೆ, ದಡದ ಮರದ ಬೇರಿಗೆ ವಸ್ತ್ರ ಸಿಕ್ಕಿಕೊಂಡಿತ್ತು. ದಾರವೂ ಇತ್ತು. ಗಂಟು ಸಡಿಲಾಗಿ ಒಳಗೆ ಖಾಲಿ. ನಾನು ಬಗ್ಗಿ ತಳ ನೋಡಿದೆ. ಹೊಳೆಯ ತಳದ ತುಂಬ ಕಪ್ಪು ಕಲ್ಲುಗಳು, ನುಣ್ಣಗೆ, ದುಂಡಗೆ, ಹೆಬ್ಬೆರಳಿನಷ್ಟು, ನೆಲ್ಲಿಕಾಯಿಯಷ್ಟು. ಒಂದೊಂದನ್ನೇ ಎತ್ತಿ ನೋಡಿ ಬಿಡುತ್ತಿದ್ದೆ. ಕತ್ತಲಾಗುವ ತನಕ ಎತ್ತಿದೆ, ಬಿಟ್ಟೆ. ಆಯಾ ಅಳುತ್ತಲೇ ನನ್ನ ಜೊತೆ ಎತ್ತುತ್ತಿದ್ದಳು. ಕೊನೆಗೆ ಕಾಲು ಮರಗಟ್ಟಿ ನಾನು ದಡಕ್ಕೆ ಬಂದು ಕೂತೆ, ಒದ್ದೆ ವಸ್ತ್ರವನ್ನು ಹಿಂಡಿ ಸೆರಗಿಗೆ ಕಟ್ಟಿಕೊಂಡೆ. ಅವಳು ಊಟಕ್ಕೆ ಕರೆದಳು. ಅಜ್ಜಿ ಉಪವಾಸ ಇದ್ದಾರೆ, ನನಗೂ ಬೇಡವೆಂದೆ.

ಬುಧವಾರ ಬೆಳಗಾಗುತ್ತಲೇ ನಮ್ಮ ಬಳಗಕ್ಕೆ ಹಿರಿಯರಾದ ಐನೋರ ಮನೆಗೆ ಹೋದೆ. ಹಳ್ಳಿಗಳಲ್ಲಿ ದೀಕ್ಷೆ ಕೊಡುವವರು, ನಮ್ಮ ಸತ್ತ ಹಿರಿಯರನ್ನೆಲ್ಲ ಮಣ್ಣು ಮಾಡಿಸಿದವರು ಅವರೇ. ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಒಳಗಿನಿಂದ ಒಂದು ಹೊಸ ಲಿಂಗ ತಂದು ನನ್ನ ಎರಡೂ ಕೈಗೆ ಕೊಟ್ಟರು.

"ಇವತ್ತು ಒಂದು ಮನೇಲಿ ಕಾರ್ಯ ಒಪ್ಕಂಡಿದೀನಿ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೀನಿ. ನೀನು ಈಗ ಹೋಗಿ ಅಜ್ಜಿಗೆ ಇದ್ದದ್ದು ಇದ್ದಂಗೆ ಹೇಳು. ಅವ್ರು ಕೇಳ್ಬೇಕು, ನಾನು ಕೊಡ್ಬೇಕು. ಅಲ್ಲಿ ತಂಕ ಇದು ಬರೀ ಕಲ್ಲು, ಗೊತ್ತಾತಾ?"

"ಗೊತ್ತಾತು ಐನೋರೇ" ಎಂದೆ.

ನಿಜಕ್ಕೂ ಹೇಳಬೇಕೆಂದೇ ಹೊರಟೆ. ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ವಸ್ತ್ರವನ್ನು ಕಿಟಕಿಗೆ ಹಿಡಿದು ಒಣಗಿಸುತ್ತ, ಹೇಗೆ ಶುರುಮಾಡಲಿ ಎಂದು ಮನಸ್ಸಿನಲ್ಲೇ ಹೇಳಿ ಹೇಳಿ ನೋಡುತ್ತಿದ್ದೆ. ಹನ್ನೊಂದೂವರೆಗೆ ವಾರ್ಡಿಗೆ ಕಾಲಿಟ್ಟರೆ ಮೂಳೆ ಡಾಕ್ಟರು ಅಜ್ಜಿಯ ಹಾಸಿಗೆಯ ಹತ್ತಿರವೇ ನಿಂತಿದ್ದರು.

"ಪೇಷೆಂಟ್ ಕಡೆಯವರು ನೀವಾ? ಎರಡು ದಿನದಿಂದ ಬಿ.ಪಿ. ಮಾತ್ರೆ ನುಂಗ್ತಿಲ್ಲ. ಸಂಜೆ ಒಳಗೆ ಮಾತ್ರೆ, ಊಟ ಹೋಗ್ಬೇಕು. ಇಲ್ಲಾಂದ್ರೆ ನಾಳೆ ಲಿಸ್ಟಿಂದ ಹೆಸರು ತೆಗೀತೀನಿ. ಮತ್ತೆ ಮುಂದಿನ ಗುರುವಾರವೇ. ಈ ವಯಸ್ಸಲ್ಲಿ ಒಂದು ವಾರ ಹೀಗೇ ಮಲಗಿದ್ರೆ ಬೆನ್ನು ಹುಣ್ಣಾಗುತ್ತೆ, ಎದೇಲಿ ಕಫ ಕಟ್ಟುತ್ತೆ. ಆಮೇಲೆ ನನ್ನ ಕೇಳ್ಬೇಡಿ."

ಡಾಕ್ಟರು ಹೋದ ಮೇಲೆ ಕಂಡಕ್ಟರ್ರು ನನ್ನನ್ನು ಕಾರಿಡಾರಿಗೆ ಎಳೆದರು. ಎರಡು ದಿನದ ಗಡ್ಡ, ಕೆಂಪು ಕಣ್ಣು.

"ಸಿಕ್ತಾ ತಾಯಿ?"

ಹೊಸದನ್ನೂ ಹಳೆಯ ವಸ್ತ್ರವನ್ನೂ ತೋರಿಸಿದೆ. ಐನೋರು ಹೇಳಿದ್ದನ್ನೂ ಹೇಳಿದೆ.

"ಹೇಳಿದ್ರೆ ಅಕ್ಕ ಎದೆ ಒಡ್ಕಂಡು ಇಲ್ಲೇ ಹೋಗ್ತಾಳೆ ಮಾರಾಯ್ತಿ. ಕಣ್ಣಲ್ಲಿ ಪೊರೆ ಇದೆ, ಅವ್ಳಿಗೆ ಕಾಣಲ್ಲ. ವಸ್ತ್ರ ಅದೇ ಇದೆಯಲ್ಲ. ಕಟ್ಟಿ ಕೊಟ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಎಪ್ಪತ್ತು ದಾಟಿದವರು ನಿಜವಾಗಿಯೂ ಬಗ್ಗಿದರು. ಅವರಿಗಾಗಿ ಒಪ್ಪಿದೆ, ಅಜ್ಜಿಯ ಜೀವಕ್ಕಾಗಿ ಒಪ್ಪಿದೆ ಎಂದು ಬಹಳ ದಿನ ಹೇಳಿಕೊಂಡಿದ್ದೆ. ಅರ್ಧ ಅದು. ಇನ್ನರ್ಧ, ನಿಯಮ ಬರೆದವಳೇ ನಿಯಮ ಮುರಿದು ಲಿಂಗ ಕಳೆದಳು ಎಂದು ಅಜ್ಜಿಯ ಬಾಯಲ್ಲಿ ಕೇಳಲು ನನಗೆ ಧೈರ್ಯವಿರಲಿಲ್ಲ. ನನ್ನ ಮುಖ ಉಳಿಸಿಕೊಳ್ಳಲು ಒಂದು ನೆಪ ಬೇಕಿತ್ತು, ಡಾಕ್ಟರು ಕೊಟ್ಟರು. ಕಾರಿಡಾರಿನ ಮೂಲೆಯಲ್ಲಿ ನಿಂತು ಹೊಸ ಲಿಂಗದ ಹೊಳಪು ಕಾಣದಂತೆ ವಿಭೂತಿ ತಿಕ್ಕಿದೆ, ಹಳೆಯ ವಸ್ತ್ರದಲ್ಲಿಟ್ಟು ಗಂಟು ಕಟ್ಟಿದೆ.

ಅಜ್ಜಿ ಎರಡೂ ಕೈ ಚಾಚಿ ತೆಗೆದುಕೊಂಡರು, ಕಣ್ಣಿಗೊತ್ತಿಕೊಂಡರು. ಗಂಟನ್ನು ತಾವೇ ಬಿಚ್ಚಿದರು. ಎಡ ಅಂಗೈಯಲ್ಲಿ ಲಿಂಗ ಇಟ್ಟು ಹೆಬ್ಬೆರಳನ್ನು ಅದರ ಸುತ್ತ ಒಮ್ಮೆ ಆಡಿಸಿದರು. ವಸ್ತ್ರವನ್ನು ಇನ್ನೊಂದು ಕೈಯ ಬೆರಳುಗಳಲ್ಲಿ ಉಜ್ಜುತ್ತ ಬಹಳ ಹೊತ್ತು ಗೋಡೆಯ ಕಡೆ ನೋಡಿದರು.

"ನೀನು ಉಂಡ್ಯಾ ಮಗಾ?" ಎಂದರು.

"ಆತು ಅಜ್ಜೀ."

"ಸುಳ್ಳು ಹೇಳ್ಬೇಡ. ಮಾತಾಡಿದ್ರೆ ಬಾಯಿ ಒಣಗಿದ್ದು ಗೊತ್ತಾಗುತ್ತೆ."

"ನೀವು ಉಂಡ ಮೇಲೆ ಉಣ್ತೀನಿ."

"ಹಂಗಾದ್ರೆ ನೀರು ತಗಂಬಾ" ಎಂದರು.

ಪೂಜೆ ಮಾಡಿದರು. ತೀರ್ಥ ತೆಗೆದುಕೊಂಡರು, ಮಾತ್ರೆ ನುಂಗಿದರು, ಅರ್ಧ ಬಟ್ಟಲು ಗಂಜಿ ಕುಡಿದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ, ಆಮೇಲೆ ಕ್ಯಾಂಟೀನಿನಲ್ಲಿ ಎರಡು ಪ್ಲೇಟು ಅನ್ನ ಸಾರು ಉಂಡೆ. ಸಂಜೆ ಐನೋರ ಫೋನು ಬಂತು. ಅಜ್ಜಿಗೆ ಎಲ್ಲ ಹೇಳಿದೆ, ಅವರು ಒಪ್ಪಿದರು, ಈಗ ಓಡಿ ಬರುವುದು ಬೇಡ, ಮನೆಗೆ ಬಂದ ಮೇಲೆ ದೀಕ್ಷೆ ಇಟ್ಟುಕೊಳ್ಳೋಣ ಎಂದೆ. ಒಂದು ಸುಳ್ಳು ಕಟ್ಟಿದ ಮೇಲೆ ಅದು ಬೀಳದಂತೆ ಇನ್ನೊಂದನ್ನು ಆನಿಸಿ ನಿಲ್ಲಿಸಬೇಕಾಗುತ್ತದೆ.

ಗುರುವಾರ ಆಪರೇಶನ್ ಚೆನ್ನಾಗಿಯೇ ಆಯಿತು. ಹನ್ನೊಂದನೆಯ ದಿನ ಹೊಲಿಗೆ ಬಿಚ್ಚಿಸಿಕೊಂಡು ಶೆಟ್ಟಿಕೊಪ್ಪಕ್ಕೆ ಬಂದರು. ನಾನು ದಿನ ಬಿಟ್ಟು ದಿನ ಹೋಗತೊಡಗಿದೆ. ಮಲಗುವಾಗ ಕಾಲ ನಡುವೆ ದಿಂಬು, ಕೂರಲು ಎತ್ತರದ ಕುರ್ಚಿ, ವಾಕರ್ ಹಿಡಿದು ಬೆಳಿಗ್ಗೆ ಹತ್ತು ಹೆಜ್ಜೆ, ಸಂಜೆ ಹತ್ತು. ಎಲ್ಲಕ್ಕಿಂತ ಮುಖ್ಯವಾಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಾರದು, ಹೊಸದಾಗಿ ಹಾಕಿದ ಕೀಲು ತಪ್ಪುತ್ತದೆ. ಹೋದಾಗಲೆಲ್ಲ ಇದೊಂದನ್ನು ಹೇಳಿ ಹೇಳಿ ಅಜ್ಜಿಗೆ ತಲೆ ಚಿಟ್ಟು ಹಿಡಿಸಿದ್ದೆ.

"ಪೂಜೆಗೆ ಕುರ್ಚಿ ಮೇಲೆ ಕೂತ್ರೆ ನಾನೇನು ತಾಲ್ಲೂಕಾಫೀಸಿನ ಸಾಹೇಬ್ರಾ?" ಎನ್ನುತ್ತಿದ್ದರು.

ಪೂಜೆಯಲ್ಲಿ ಒಂದು ಬದಲಾವಣೆ ಕಂಡೆ. ಮೊದಲೆಲ್ಲ ವಸ್ತ್ರವನ್ನು ಮಡಿಸಿ ಪಕ್ಕಕ್ಕಿಡುತ್ತಿದ್ದರು. ಈಗ ಅದನ್ನು ಅಂಗೈಯಲ್ಲಿ ಹಾಸಿ, ಅದರ ಮೇಲೆ ಲಿಂಗ ಇಡುತ್ತಿದ್ದರು. ಹಿಡಿತ ಕಡಿಮೆಯಾಗಿದೆ, ಜಾರದಿರಲಿ ಎಂದು ಹಾಗೆ ಮಾಡುತ್ತಾರೆ ಎಂದುಕೊಂಡೆ. ನೋಟ್‌ಬುಕ್ಕಿನಲ್ಲಿ "ಎಡಗೈ ಹಿಡಿತ ಕಡಿಮೆ" ಎಂದೂ ಬರೆದೆ.

ಮೂರನೆಯ ವಾರದಿಂದ ಅಜ್ಜಿ ಇಳಿಯತೊಡಗಿದರು. ತೋಳಿನ ಸುತ್ತ ಟೇಪು ಹಿಡಿದರೆ ಪ್ರತಿ ವಾರ ಒಂದೆರಡು ಗೆರೆ ಕಡಿಮೆ. ತಿಂಡಿ ತಿಂದಿರಾ ಎಂದರೆ "ಆಮೇಲೆ ಮಗಾ" ಎನ್ನುವರು. ರಾತ್ರಿ ಊಟ ಎಂದರೆ "ಹಿಡಿಸಲ್ಲ ಕಣೆ" ಎನ್ನುವರು. ಮಧ್ಯಾಹ್ನ ಒಂದು ಹೊತ್ತು ಮಾತ್ರ ಒಂದಿಷ್ಟು. ನಾನು "ಹಸಿವು ಕಡಿಮೆ" ಎಂದು ಬರೆದೆ. ಮುಂದಿನ ಭೇಟಿಯಲ್ಲೂ ಅದನ್ನೇ ಬರೆದೆ. ಡಾಕ್ಟರಿಗೆ ಕೇಳಿ ಹಸಿವಿನ ಟಾನಿಕ್ ತಂದೆ, ಪ್ರೋಟೀನ್ ಪುಡಿ ತಂದೆ. ಪುಡಿಯ ಡಬ್ಬಿ ಖಾಲಿಯಾಗುತ್ತಿತ್ತು, ಅಜ್ಜಿ ಮಾತ್ರ ಸೊರಗುತ್ತಿದ್ದರು. ಒಂದು ದಿನ ಕಂಡಕ್ಟರ್ರ ಕೆನ್ನೆ ತುಂಬಿಕೊಂಡದ್ದು ನನ್ನ ಕಣ್ಣಿಗೆ ಬಿದ್ದು ಅಕ್ಕ ತಮ್ಮ ಇಬ್ಬರೂ ಸಿಕ್ಕಿಬಿದ್ದರು.

"ಅವ್ಳೇ ಹಾಲಿಗೆ ಕಲ್ಸಿ ಕುಡಿ ಕುಡಿ ಅಂತಾಳೆ ಮಾರಾಯ್ತಿ. ಬೇಡ ಅಂದ್ರೆ ಬೈತಾಳೆ."

ಮೂವರೂ ನಕ್ಕೆವು. ಅಜ್ಜಿಯೇ ಎಲ್ಲರಿಗಿಂತ ಜೋರಾಗಿ ನಕ್ಕರು.

ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಮನೆಯಿಂದ ಗಟ್ಟಿ ಮನಸ್ಸು ಮಾಡಿ ಹೊರಟಿದ್ದೇನೆ. ಶೆಟ್ಟಿಕೊಪ್ಪದಲ್ಲಿ ಇಳಿಯುವ ಹೊತ್ತಿಗೆ, ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಎಂದಾಗುತ್ತಿತ್ತು. ಐನೋರು ದೀಕ್ಷೆಯ ದಿನ ಕೇಳಿದಾಗಲೂ ಅದನ್ನೇ ಹೇಳಿ ಮುಂದಕ್ಕೆ ಹಾಕಿದೆ. ಎರಡೂವರೆ ತಿಂಗಳಿಗೆ ಕೆಮ್ಮು ಶುರುವಾಯಿತು. ಎದೆಯಲ್ಲಿ ಕಫ ಕಟ್ಟಿತು. ತಡೆದುಕೊಳ್ಳಲು ಮೈಯಲ್ಲಿ ಶಕ್ತಿಯೇ ಇಲ್ಲ ಎಂದರು ಡಾಕ್ಟರು. ಐದನೆಯ ದಿನ ಬೆಳಿಗ್ಗೆ ಅಜ್ಜಿ ಲಿಂಗೈಕ್ಯರಾದರು.

ಮೈ ತೊಳೆಸಿದವಳು ನಾನೇ. ಕೊರಳು ಬರಿದಾಗಿತ್ತು.

"ಕಂಡಕ್ಟರ್ರೇ, ಲಿಂಗ?"

"ನನ್ನ ಹತ್ರ ಇದೆ. ಆಮೇಲೆ" ಎಂದರು. ನನ್ನ ಮುಖ ನೋಡಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಕುಣಿಯೊಳಗೆ ಇಳಿಸಿ, ಗೂಡಿನಲ್ಲಿ ಕೂರಿಸಿ, ಇಬ್ಬರು ಗಂಡಸರು ಬಲಗಾಲನ್ನು ಮಡಿಸಲು ಹಿಡಿದರು. "ಆ ಕಾಲು ಮಡಿಸ್ಬೇಡಿ, ಕೀಲು ತಪ್ಪುತ್ತೆ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಎಲ್ಲರೂ ನನ್ನತ್ತ ತಿರುಗಿದರು. ಯಾರೂ ನಗಲಿಲ್ಲ. ಮೆಲ್ಲಗೆ ಮಡಿಸಿದರು. ಎಪ್ಪತ್ತೊಂಬತ್ತು ವರ್ಷ ಕೂತ ಹಾಗೆಯೇ ಅಜ್ಜಿ ಚಕ್ಕಳಮಕ್ಕಳ ಕೂತರು.

ಐನೋರು ವಿಭೂತಿ ಹಚ್ಚಿದರು. ಎಡಗೈಯನ್ನು ಎದೆಯ ಮುಂದೆ ತಂದು ಅಂಗೈ ಬಿಡಿಸಿದರು. "ಲಿಂಗ ಕೊಡಿ" ಎಂದರು.

ಕಂಡಕ್ಟರ್ರು ಜೇಬಿನಿಂದ ಕರ್ಚೀಫಿನಲ್ಲಿ ಸುತ್ತಿದ್ದನ್ನು ತೆಗೆದರು. ಐನೋರಿಗೆ ಕೊಡಲಿಲ್ಲ. ನನ್ನ ಹತ್ತಿರ ಬಂದು ನನ್ನ ಕೈಯಲ್ಲಿಟ್ಟರು.

"ಇದು ನಿಮ್ದು ತಾಯಿ. ವಾಪಸ್ ಕೊಡು ಅಂದಿದಾಳೆ."

ಕರ್ಚೀಫು ಬಿಡಿಸಿದೆ, ನಾನೇ ವಿಭೂತಿ ತಿಕ್ಕಿ ಕೊಟ್ಟ ಹೊಸ ಲಿಂಗ.

"ಅವತ್ತು ಆಸ್ಪತ್ರೇಲಿ ಕೈಗೆ ತಗಂಡ ಕೂಡ್ಲೇ ಗೊತ್ತಾಗಿತ್ತಂತೆ. ಅರವತ್ತು ವರ್ಷ ಇಟ್ಕಂಡ ಅಂಗೈ ಅಲ್ವಾ. ವಸ್ತ್ರದ ಮಡಿಕೇಲಿ ಹೊಳೆ ಮರಳಿತ್ತಂತೆ. ಹೊಳೆ ಪಾಲಾಗಿದೆ, ಈ ಮಗ ನೀರಲ್ಲಿ ಹುಡುಕಿ ಬಂದಿದೆ, ಉಂಡೂ ಇಲ್ಲ, ನಾನು ಉಣ್ಣದಿದ್ರೆ ಅದೂ ಉಣ್ಣಲ್ಲ ಅಂತ ಅವತ್ತು ಗಂಜಿ ಕುಡಿದ್ಲಂತೆ. ಆಮೇಲೆ ಲಿಂಗ ಇಲ್ಲದ ಮೈ, ಒಪ್ಪೊತ್ತು ಸಾಕು ಅಂತ ವ್ರತ ಹಿಡಿದ್ಲು. ನಂಗೂ ಮೊನ್ನೆ ಹೇಳಿದ್ದು. ಐನೋರಿಗೆ ಹೇಳಿದ್ರೆ ಹೊಸದು ಕೊಡ್ತಿದ್ರಲ್ಲೇ ಅಕ್ಕ ಅಂದೆ. ಹೇಳಿದ್ರೆ ಆ ಮಗ ಊರಲ್ಲಿ ತಲೆ ಎತ್ತಂಗಿರ್ತಿತ್ತಾ ಅಂದ್ಲು."

ಐನೋರು ಕುಣಿಯೊಳಗೆ ಬಗ್ಗಿದ್ದವರು ನೆಟ್ಟಗೆ ನಿಂತರು.

"ನೀನು ಹೇಳಿದ್ದೆ, ಒಪ್ಪಿದ್ರು ಅಂದಿದ್ದೆ."

"ಇಲ್ಲ ಐನೋರೇ. ಹೇಳ್ಲಿಲ್ಲ."

ಐನೋರು ಅಜ್ಜಿಯ ಬಿಡಿಸಿದ ಅಂಗೈ ನೋಡಿದರು. "ದೀಕ್ಷೆ ಅಂದ್ರೆ ಅರ್ಧ ಗಂಟೆ ಕೆಲ್ಸ ಇತ್ತು ಮಗಳೇ" ಎಂದರು. ಇವತ್ತಾದರೂ ಇದನ್ನೇ ಕೊಡೋಣವೇ ಎಂದು ಕಂಡಕ್ಟರ್ರನ್ನು ಕೇಳಿದರು.

"ಬೇಡ ಅಂದಿದಾಳೆ. ನನ್ನದು ಹೊಳೇಲಿ ಮುಂದೆ ಹೋಗಿದೆ, ನಾನು ಹಿಂದಿಂದ ಹೋಗ್ತೀನಿ, ಕೈಗೆ ಇದನ್ನ ಇಡು ಅಂದ್ಲು."

ಅವರು ಕೊಟ್ಟದ್ದು ಆ ಹಳೆಯ ವಸ್ತ್ರ. ನಾಲ್ಕು ಮಡಿಕೆ ಮಾಡಿ ಅಜ್ಜಿ ತಾವೇ ಗಂಟು ಕಟ್ಟಿಟ್ಟದ್ದು. ಐನೋರು ಅದನ್ನು ಅಂಗೈಯಲ್ಲಿಟ್ಟು ಗಂಟು ಬಿಚ್ಚಿದರು. ಒಳಗೆ ಒಂದು ಚಿಟಿಕೆ ಮರಳಿತ್ತು. ಎರಡೂವರೆ ತಿಂಗಳು ಅಜ್ಜಿ ಅದನ್ನು ಕೊಡವಿರಲಿಲ್ಲ. ನಾನು ಹೋದಾಗಲೆಲ್ಲ ನನ್ನ ಕಣ್ಣೆದುರಿಗೇ ಪೂಜೆ ಮಾಡುತ್ತಿದ್ದದ್ದು ಆ ಮರಳಿಗೆ.

ಒಪ್ಪೊತ್ತಿನ ಊಟದಿಂದಲೇ ಹೋದರು ಎಂದು ಯಾವ ಡಾಕ್ಟರೂ ಬರೆದುಕೊಡುವುದಿಲ್ಲ. ವಯಸ್ಸಾಗಿತ್ತು, ಸೊಂಟ ಮುರಿದಿತ್ತು, ಉಂಡಿದ್ದರೂ ಹೋಗುತ್ತಿದ್ದರೇನೋ. ಬಳಗದ ಹೆಂಗಸರು ಇದನ್ನೇ ಹೇಳಿ ನನ್ನನ್ನು ಸಮಾಧಾನ ಮಾಡುತ್ತಾರೆ. ಅವರೆಲ್ಲರ ಮುಂದೆ ನಾನು ನಡೆದದ್ದನ್ನು ಹೇಳಿದ್ದೇನೆ. ಕೆಲಸ ಬಿಡುತ್ತೇನೆಂದೆ, ಐನೋರು ಬಿಡಗೊಡಲಿಲ್ಲ. ಸೋಮವಾರ ಶೆಟ್ಟಿಕೊಪ್ಪಕ್ಕೆ ಈಗಲೂ ಹೋಗುತ್ತೇನೆ, ಕಂಡಕ್ಟರ್ರ ಬಿ.ಪಿ. ನೋಡಬೇಕು. ಜಗಳ ಆಡಲು ಯಾರೂ ಇಲ್ಲದೆ ಅವರು ರೇಡಿಯೋ ಹಾಕುವುದನ್ನೇ ಬಿಟ್ಟಿದ್ದಾರೆ.

ಮಣ್ಣು ಮಾಡಿ ಬಂದ ದಿನ ಸಂಜೆ ನೋಟ್‌ಬುಕ್ಕಿನಲ್ಲಿ ಅಜ್ಜಿಯ ಪುಟಗಳನ್ನು ತೆಗೆದು ಕೂತಿದ್ದೆ. ಬಿ.ಪಿ., ತೋಳಿನ ಸುತ್ತಳತೆ, ಹೆಜ್ಜೆ, ಊಟ. ಊಟದ ಸಾಲಿನಲ್ಲಿ ವಾರದಿಂದ ವಾರಕ್ಕೆ ನನ್ನದೇ ದುಂಡು ಅಕ್ಷರದಲ್ಲಿ "ಹಸಿವು ಕಡಿಮೆ", "ಹಸಿವು ಕಡಿಮೆ" ಎಂದಿತ್ತು. ಪೆನ್ನು ತೆಗೆದುಕೊಂಡು ಒಂದೊಂದನ್ನೂ ಹೊಡೆದು ಹಾಕಿದೆ. ಪಕ್ಕದಲ್ಲಿ ಬರೆದೆ: ಹಸಿವಿತ್ತು.